ಜೂನ್ ಆರನೆಯ ತಾರೀಖೇ ಏಕೆ?

ಹತ್ತನೆಯ ತರಗತಿಯ ಇತಿಹಾಸದಲ್ಲಿ ಎರಡನೆಯ ಮಹಾಯುದ್ಧದ ಪಾಠ ಬರುವ ಹೊತ್ತಿಗೆ ಪರೀಕ್ಷೆ ಸಮೀಪಿಸಿರುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಪಾಠ ಮುಗಿಸುವ ಅವಸರ ನನಗೆ, ಟಿಪ್ಪಣಿ ಬರೆದುಕೊಳ್ಳುವ ಅವಸರ ನಿಮಗೆ. 1944ರ ಜೂನ್ 6ರಂದು ಮಿತ್ರರಾಷ್ಟ್ರಗಳ ಸೈನ್ಯವು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿಯಿತು ಎಂಬ ಒಂದೇ ವಾಕ್ಯವನ್ನು ಬರೆಸಿ, ಅದರ ಕೆಳಗೆ ಗೆರೆ ಎಳೆಯಲು ಹೇಳಿ ನಾನು ಮುಂದಕ್ಕೆ ಹೋಗಿಬಿಡುತ್ತಿದ್ದೆ. ಒಂದು ವರ್ಷ, ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಆರನೇ ತಾರೀಖೇ ಯಾಕೆ? ಐದು ಯಾಕಾಗಬಾರದಿತ್ತು?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, "ಪುಸ್ತಕದಲ್ಲಿ ಆರು ಅಂತ ಇದೆ, ಆರು ಅಂತಲೇ ಬರಿ" ಎಂದೆ. ಅವಳು ಸುಮ್ಮನೆ ಕುಳಿತಳು.

ನಿಜ ಹೇಳಬೇಕೆಂದರೆ, ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಬದಲು ನಗೆಯ ಮರೆಗೆ ಸರಿದೆ. ನಿವೃತ್ತಿಯಾದ ಮೇಲೆ ಬಿಡುವಿನಲ್ಲಿ ಓದುತ್ತಿರುವಾಗ, ಆ ಹುಡುಗಿ ಕೇಳಿದ್ದು ಎಷ್ಟು ಸರಿಯಾದ ಪ್ರಶ್ನೆ ಎಂಬುದು ತಿಳಿಯಿತು. ಏಕೆಂದರೆ ಸೇನಾಧಿಪತಿಗಳು ಮೊದಲು ಗೊತ್ತುಮಾಡಿದ್ದ ದಿನ ಐದನೆಯ ತಾರೀಖೇ ಆಗಿತ್ತು. ಅದನ್ನು ಆರಕ್ಕೆ ಸರಿಸಿದ್ದು ಶತ್ರುವಲ್ಲ, ಬ್ರಿಟನ್ನಿನ ಆ ಜೂನ್ ತಿಂಗಳ ಹವಾಮಾನ. ಆ ಒಂದು ತಿಂಗಳ ಕಥೆಯನ್ನು ಇಂದು ಇಲ್ಲಿ ಬರೆಯಬಯಸುತ್ತೇನೆ.

ಬ್ರಿಟನ್ ಒಂದು ದ್ವೀಪರಾಷ್ಟ್ರ. ಅದರ ಪಶ್ಚಿಮಕ್ಕೆ ಐರ್ಲೆಂಡನ್ನು ದಾಟಿದರೆ ಅಟ್ಲಾಂಟಿಕ್ ಮಹಾಸಾಗರ. ಪೂರ್ವಕ್ಕೂ ದಕ್ಷಿಣಕ್ಕೂ ಇಕ್ಕಟ್ಟಾದ ಕಡಲುಗಳು, ಅವುಗಳಾಚೆ ಯೂರೋಪಿನ ವಿಸ್ತಾರವಾದ ಭೂಭಾಗ. ನಮ್ಮ ಮುಂಗಾರಿನಂತೆ ಅಲ್ಲಿ ಮಳೆಗೆಂದು ಒಂದು ಕಾಲವಿಲ್ಲ. ಅಟ್ಲಾಂಟಿಕ್‌ನಲ್ಲಿ ಹುಟ್ಟುವ ವಾಯುಭಾರ ಕುಸಿತಗಳು ವರ್ಷವಿಡೀ ಒಂದರ ಹಿಂದೆ ಒಂದು ಪೂರ್ವಕ್ಕೆ ಸಾಗಿಬರುತ್ತವೆ. ಒಂದು ಬಂದರೆ ಗಾಳಿ, ಮೋಡ, ಮಳೆ, ಅದು ದಾಟಿಹೋದರೆ ಕೆಲವು ಗಂಟೆಗಳ ಬಿಸಿಲು, ಮತ್ತೆ ಇನ್ನೊಂದು. ಬೇಸಿಗೆಯಲ್ಲಿ ಅಜೋರ್ಸ್ ದ್ವೀಪಗಳ ಕಡೆಯಿಂದ ಅಧಿಕ ಒತ್ತಡದ ಪ್ರದೇಶವು ಉತ್ತರಕ್ಕೆ ಚಾಚಿಕೊಂಡು ಈ ಕುಸಿತಗಳನ್ನು ದೂರ ತಳ್ಳುವುದುಂಟು. ಹಾಗಾದಾಗ ಅಲ್ಲಿನ ಜನರಿಗೆ ಸುಖದ ದಿನಗಳು. 1944ರ ಮೇ ತಿಂಗಳ ಕೊನೆಯ ದಿನಗಳು ಅಂಥವೇ ಆಗಿದ್ದವು. ಆದರೆ ಜೂನ್ ಕಾಲಿಡುತ್ತಿದ್ದಂತೆ ಆ ಆಸರೆ ತಪ್ಪಿತು. ಚಳಿಗಾಲದಲ್ಲಿ ಕಾಣುವಂಥ ಬಲವಾದ ವಾಯುಭಾರ ಕುಸಿತಗಳು ಅಟ್ಲಾಂಟಿಕ್‌ನ ಮೇಲೆ ಸಾಲುಗಟ್ಟಿದವು.

ಇಲ್ಲೊಂದು ಸ್ವಾರಸ್ಯವಿದೆ. ಹವೆಯ ಮಾತಿಲ್ಲದೆ ದಿನವನ್ನೇ ಆರಂಭಿಸದವರೆಂದು ಹೆಸರಾದ ಆ ಜನರಿಗೆ, ನಾಳೆ ಮಳೆ ಬರುತ್ತದೆಯೇ ಎಂದು ಹೇಳುವವರು ಯಾರೂ ಇರಲಿಲ್ಲ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾದೊಡನೆ ಬಿ.ಬಿ.ಸಿ. ರೇಡಿಯೋದ ಹವಾಮಾನ ಮುನ್ಸೂಚನೆ ನಿಂತುಹೋಯಿತು. ಅದು ಮತ್ತೆ ಕೇಳಿಬಂದದ್ದು 1945ರಲ್ಲಿ, ಯೂರೋಪಿನಲ್ಲಿ ಯುದ್ಧ ಮುಗಿದ ಮೇಲೆ. ಹವಾಮಾನ ಪಶ್ಚಿಮದಿಂದ ಪೂರ್ವಕ್ಕೆ ಚಲಿಸುವುದರಿಂದ, ಬ್ರಿಟನ್ನಿನ ಇಂದಿನ ಹವೆ ತಿಳಿದರೆ ಜರ್ಮನರಿಗೆ ತಮ್ಮ ನಾಳಿನ ಹವೆ ತಿಳಿದಂತೆ. ಹೀಗಾಗಿ ಮೋಡ, ಗಾಳಿ, ಮಳೆಗಳು ಸೈನ್ಯದ ರಹಸ್ಯಗಳಾಗಿದ್ದವು.

ಇನ್ನು ದಂಡಯಾತ್ರೆಯ ವಿಚಾರ. ಇಂಗ್ಲಿಷ್ ಕಾಲುವೆಯನ್ನು ದಾಟಿ ನಾರ್ಮಂಡಿಯಲ್ಲಿ ಇಳಿಯಲು ಸುಮಾರು 7,000 ನೌಕೆಗಳು, ಸಾವಿರಾರು ವಿಮಾನಗಳು, ಮೊದಲ ದಿನಕ್ಕೇ ಒಂದೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು ಸಿದ್ಧರಾಗಿದ್ದರು. ಸರ್ವೋಚ್ಚ ಸೇನಾಧಿಪತಿ ಅಮೆರಿಕದ ಜನರಲ್ ಐಸೆನ್‌ಹೋವರ್. ಆದರೆ ಬೇಕೆಂದ ದಿನ ಹೊರಡುವಂತಿರಲಿಲ್ಲ. ರಾತ್ರಿ ಪ್ಯಾರಾಚೂಟಿನಲ್ಲಿ ಇಳಿಯುವವರಿಗೆ ಬೆಳದಿಂಗಳು ಬೇಕು. ಜರ್ಮನರು ತೀರದುದ್ದಕ್ಕೂ ನೆಟ್ಟಿದ್ದ ಉಕ್ಕಿನ ತಡೆಗಳು ನೀರಿನಿಂದ ಮೇಲೆ ಕಾಣಬೇಕಾದರೆ, ಬೆಳಗಿನ ಹೊತ್ತಿಗೆ ಕಡಲು ಇಳಿದಿರಬೇಕು. ಬೆಳದಿಂಗಳೂ ಇಳಿತವೂ ಕೂಡಿಬರುತ್ತಿದ್ದುದು ಆ ತಿಂಗಳಲ್ಲಿ ಜೂನ್ 5, 6, 7 ಈ ಮೂರೇ ದಿನ. ಆರನೆಯ ತಾರೀಖು ಹುಣ್ಣಿಮೆ. ಅದು ತಪ್ಪಿದರೆ ಮುಂದಿನ ಇಳಿತ ಸರಿಹೊಂದುತ್ತಿದ್ದುದು ಜೂನ್ 19ರ ಸುಮಾರಿಗೆ. ಆಗ ಅಮಾವಾಸ್ಯೆಯ ಕತ್ತಲೆ. ಇದರ ಜೊತೆಗೆ ಗಾಳಿ ಜೋರಾಗಿರಬಾರದು, ಮೋಡ ತೀರ ಕೆಳಗಿರಬಾರದು. ಚಂದ್ರನನ್ನೂ ಉಬ್ಬರವಿಳಿತವನ್ನೂ ಪಂಚಾಂಗ ನೋಡಿ ವರ್ಷದ ಮೊದಲೇ ಹೇಳಬಹುದು. ಗಾಳಿಯನ್ನೂ ಮೋಡವನ್ನೂ ಹೇಳುವ ಪಂಚಾಂಗ ಯಾರ ಬಳಿಯೂ ಇರಲಿಲ್ಲ.

ಅದನ್ನು ಹೇಳುವ ಹೊಣೆ ಬಿದ್ದದ್ದು ಜೇಮ್ಸ್ ಸ್ಟ್ಯಾಗ್ ಎಂಬವರ ಮೇಲೆ. ಸ್ಕಾಟ್ಲೆಂಡಿನ ಡಾಲ್ಕೀತ್‌ನಲ್ಲಿ 1900ರಲ್ಲಿ ಜನಿಸಿದ ಈತ ಭೂಭೌತ ವಿಜ್ಞಾನಿ; ಈ ಕಾರ್ಯಕ್ಕಾಗಿ ಅವರಿಗೆ ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಪದವಿ ಕೊಟ್ಟಿದ್ದರು. ಆದರೆ ಮುನ್ಸೂಚನೆ ಅವರೊಬ್ಬರದೇ ಅಲ್ಲ. ಡನ್‌ಸ್ಟಬಲ್‌ನಲ್ಲಿ ಬ್ರಿಟಿಷ್ ಹವಾಮಾನ ಕಚೇರಿ, ಲಂಡನ್ನಿನಲ್ಲಿ ನೌಕಾದಳದ ಹವಾಮಾನ ವಿಭಾಗ, ಲಂಡನ್ನಿನ ಹೊರವಲಯದ ಬುಷಿ ಪಾರ್ಕಿನಲ್ಲಿ ಅಮೆರಿಕದ ವಾಯುಪಡೆಯ ತಂಡ, ಹೀಗೆ ಮೂರು ಕಡೆ ಮೂರು ತಂಡಗಳು. ಅವರೆಲ್ಲ ದಿನವೂ ಟೆಲಿಫೋನಿನಲ್ಲಿ ಸೇರಿ ಚರ್ಚಿಸುವರು; ಸ್ಟ್ಯಾಗ್ ಅದರಿಂದ ಒಂದು ಅಭಿಪ್ರಾಯವನ್ನು ಹೊರತೆಗೆದು ಸೇನಾಧಿಪತಿಗೆ ಹೇಳುವರು.

ಒಮ್ಮತ ಸುಲಭವಾಗಿರಲಿಲ್ಲ. ಅಮೆರಿಕದ ತಂಡದ ಅರ್ವಿಂಗ್ ಕ್ರಿಕ್ ಅವರದು ಹಳೆಯ ನಕ್ಷೆಗಳ ವಿಧಾನ. ಹಿಂದಿನ ಹಲವು ದಶಕಗಳ ನಕ್ಷೆಗಳಲ್ಲಿ ಇಂದಿನದನ್ನು ಹೋಲುವ ದಿನವನ್ನು ಹುಡುಕಿ, ಅಂದು ಮುಂದೆ ಆದಂತೆಯೇ ಈಗಲೂ ಆಗುವುದೆಂದು ಹೇಳುವುದು. ಡನ್‌ಸ್ಟಬಲ್‌ನಲ್ಲಿದ್ದ ನಾರ್ವೆಯ ಸ್ವೆರ್ರೆ ಪೆಟರ್ಸನ್ ಅವರಿಗೆ ಇದರಲ್ಲಿ ನಂಬಿಕೆಯಿಲ್ಲ. ಮೇಲ್ವಾಯುವಿನ ಚಲನೆಯನ್ನು ಲೆಕ್ಕಹಾಕಿ ಕುಸಿತಗಳ ದಾರಿಯನ್ನು ಊಹಿಸುವ ಪದ್ಧತಿ ಅವರದು. ಅವರ ಸಹೋದ್ಯೋಗಿ ಡಗ್ಲಸ್ ಅವರಂತೂ ಬ್ರಿಟನ್ನಿನ ಆಕಾಶವನ್ನು ಹಲವು ವರ್ಷ ನೋಡಿ ಪಳಗಿದವರು. ಎರಡು ದಿನಗಳಾಚೆಗಿನದನ್ನು ಖಚಿತವಾಗಿ ಹೇಳಲು ಅವರಿಗೆ ಮನಸ್ಸೇ ಬರುತ್ತಿರಲಿಲ್ಲ. ಕಂಪ್ಯೂಟರ್ ಇಲ್ಲ, ಉಪಗ್ರಹವಿಲ್ಲ. ಜೂನ್ ಮೊದಲ ದಿನಗಳಲ್ಲಿ ಒಂದು ತಂಡ ಐದನೆಯ ತಾರೀಖಿಗೆ ಹೊರಡಬಹುದೆಂದರೆ, ಇನ್ನೊಂದು ತಂಡ ಖಂಡಿತ ಕೂಡದೆನ್ನುತ್ತಿತ್ತು.

ಇಂಥ ಚರ್ಚೆಗಳಿಗೆ ಆಧಾರ, ದೂರದ ಠಾಣೆಗಳಿಂದ ಬರುವ ಅಳತೆಗಳು. ಅಂಥ ಒಂದು ಠಾಣೆ ಐರ್ಲೆಂಡಿನ ಪಶ್ಚಿಮದ ತುದಿಯಲ್ಲಿ, ಮೇಯೋ ಕೌಂಟಿಯ ಬ್ಲ್ಯಾಕ್‌ಸಾಡ್ ಎಂಬ ಹಳ್ಳಿಯಲ್ಲಿತ್ತು. ಅಟ್ಲಾಂಟಿಕ್‌ನಿಂದ ಬರುವ ಹವೆ ಮೊದಲು ಕಾಲಿಡುವುದು ಇಂಥ ಕಡೆ. ಐರ್ಲೆಂಡ್ ಯುದ್ಧದಲ್ಲಿ ತಟಸ್ಥ ರಾಷ್ಟ್ರ. ಆದರೂ ಹವಾಮಾನದ ವರದಿಗಳನ್ನು ಬ್ರಿಟನ್ನಿಗೆ ಕಳುಹಿಸುತ್ತಿತ್ತು. ಬ್ಲ್ಯಾಕ್‌ಸಾಡ್‌ನಲ್ಲಿ ಆ ಅಳತೆಗಳನ್ನು ತೆಗೆದುಕೊಳ್ಳುತ್ತಿದ್ದವರಲ್ಲಿ ಒಬ್ಬಳು ಅಂಚೆ ಕಚೇರಿಯ ಸಹಾಯಕಿ ಮೌರೀನ್ ಫ್ಲಾವಿನ್. ಅಂಚೆಯ ಕೆಲಸಕ್ಕೆಂದು ಸೇರಿದ ಮೇಲೆಯೇ, ಹವೆಯ ಅಳತೆಯೂ ತನ್ನ ಕೆಲಸದ ಭಾಗವೆಂದು ಅವಳಿಗೆ ತಿಳಿದದ್ದು. 1944ರ ಜೂನ್ 3ರಂದು ಅವಳಿಗೆ 21 ವರ್ಷ ತುಂಬಿತು. ಆ ದಿನ ವಾಯುಭಾರಮಾಪಕ ವೇಗವಾಗಿ ಇಳಿಯುತ್ತಿತ್ತು. ಕಂಡದ್ದನ್ನು ಕಂಡಂತೆ ಬರೆದು ಕಳುಹಿಸಿದಳು. ಸ್ವಲ್ಪ ಹೊತ್ತಿನಲ್ಲಿ ಟೆಲಿಫೋನ್ ಬಂತು. ಇಂಗ್ಲಿಷ್ ಉಚ್ಚಾರಣೆಯ ಹೆಂಗಸೊಬ್ಬಳ ದನಿ: ಅಳತೆಯನ್ನು ಮತ್ತೊಮ್ಮೆ ಪರೀಕ್ಷಿಸಿ ತಿಳಿಸಬೇಕು. ಪರೀಕ್ಷಿಸಿ ತಿಳಿಸಿದಳು. ಮತ್ತೊಮ್ಮೆ ಅದೇ ಕೇಳಿಕೆ ಬಂತು. ತಾನೇನಾದರೂ ತಪ್ಪು ಮಾಡಿದೆನೇ ಎಂದು ಗಾಬರಿಗೊಂಡು, ಮುಂದೆ ತನ್ನ ಪತಿಯಾದ ದೀಪಸ್ತಂಭದ ಟೆಡ್ ಸ್ವೀನಿಯವರಿಂದಲೂ ಅದನ್ನು ನೋಡಿಸಿದಳು. ಅಳತೆ ಸರಿಯಾಗಿಯೇ ಇತ್ತು. ಯಾರು, ಏಕೆ ಕೇಳುತ್ತಿದ್ದಾರೆಂಬುದು ಅವಳಿಗೆ ಗೊತ್ತಿರಲಿಲ್ಲ.

ಪೋರ್ಟ್ಸ್‌ಮತ್ ಬಳಿಯ ಸೌತ್‌ವಿಕ್ ಹೌಸ್ ಎಂಬ ದೊಡ್ಡ ಮನೆಯ ಗ್ರಂಥಾಲಯದಲ್ಲಿ ಸೇನಾಧಿಪತಿಗಳು ಸೇರುತ್ತಿದ್ದರು. ಜೂನ್ 3ರ ಶನಿವಾರ ರಾತ್ರಿ ಸ್ಟ್ಯಾಗ್ ಅಶುಭ ವಾರ್ತೆಯನ್ನೇ ತಂದರು: ಐದನೆಯ ತಾರೀಖು ಕಾಲುವೆಯಲ್ಲಿ ಬಿರುಗಾಳಿ, ತಗ್ಗಿನ ಮೋಡ. ಭಾನುವಾರ ಬೆಳಗಿನ ಜಾವ ನಾಲ್ಕೂಕಾಲಿಗೆ ಮತ್ತೆ ಸಭೆ. ಅಭಿಪ್ರಾಯ ಬದಲಾಗಲಿಲ್ಲ. ಮಾಂಟ್ಗೊಮರಿ ಹೊರಡಲು ಸಿದ್ಧರಿದ್ದರು. ಆದರೆ ವಿಮಾನಗಳ ಬೆಂಬಲವಿಲ್ಲದೆ ಇಳಿಯುವುದು ಐಸೆನ್‌ಹೋವರ್‌ರಿಗೆ ಒಪ್ಪಿಗೆಯಾಗಲಿಲ್ಲ. ಒಂದು ದಿನ ಮುಂದೂಡಿದರು. ಆ ಹೊತ್ತಿನಲ್ಲಿ ಹೊರಗೆ ಆಕಾಶ ತಿಳಿಯಾಗಿತ್ತು, ಗಾಳಿ ಶಾಂತವಾಗಿತ್ತು. ಆಗಲೇ ಸಮುದ್ರಕ್ಕಿಳಿದಿದ್ದ ನೌಕೆಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಸಾವಿರಾರು ಸೈನಿಕರು ಇಕ್ಕಟ್ಟಾದ ಹಡಗುಗಳಲ್ಲಿಯೇ ತೂಗಾಡುತ್ತ, ಹೊಟ್ಟೆ ತೊಳಸುತ್ತ ಕಾದರು. ಅಂದು ಹಗಲು ಕಳೆಯುವಷ್ಟರಲ್ಲಿ, ಹೇಳಿದಂತೆಯೇ ಗಾಳಿ ಎದ್ದಿತು.

ಭಾನುವಾರ ರಾತ್ರಿ ಒಂಬತ್ತೂವರೆಗೆ ಸಭೆ ಸೇರಿದಾಗ ಹೊರಗೆ ಗಾಳಿ, ಮಳೆ. ಆಗ ಸ್ಟ್ಯಾಗ್ ಹೊಸ ಮಾತೊಂದನ್ನು ಹೇಳಿದರು. ಅಟ್ಲಾಂಟಿಕ್‌ನಿಂದ ಬಂದ ಹೊಸ ಅಳತೆಗಳ ಪ್ರಕಾರ, ಶೀತವಾಯುವಿನ ಮುಂಭಾಗವೊಂದು ಎಣಿಸಿದ್ದಕ್ಕಿಂತ ಬೇಗ ದಾಟಿಹೋಗುವುದು. ಅದರ ಹಿಂದೆ ಸೋಮವಾರ ಮಧ್ಯಾಹ್ನದ ನಂತರ ಸ್ವಲ್ಪ ಕಾಲ ಗಾಳಿ ತಗ್ಗಿ ಮೋಡ ಚದುರುವುದು. ಒಳ್ಳೆಯ ಹವೆಯಲ್ಲ, ಸಹಿಸಿಕೊಳ್ಳಬಹುದಾದ ಹವೆ ಅಷ್ಟೆ. ಬ್ಲ್ಯಾಕ್‌ಸಾಡ್‌ನಿಂದಲೂ ಅಂದು ಹವೆ ತಿಳಿಯಾಗುತ್ತಿದೆಯೆಂಬ ವರದಿ ಬಂದಿತ್ತು. ಆರನೆಯ ತಾರೀಖು ಇಳಿಯಬೇಕಾದರೆ ಅರ್ಧ ಗಂಟೆಯೊಳಗೆ ಆಜ್ಞೆ ಬೇಕೆಂದು ನೌಕಾಧಿಪತಿ ರಾಮ್ಸೆ ತಿಳಿಸಿದರು. ವಾಯುಪಡೆಯವರಿಗೆ ಅನುಮಾನ, ಮಾಂಟ್ಗೊಮರಿಗೆ ಉತ್ಸಾಹ. ಐಸೆನ್‌ಹೋವರ್ ಯೋಚಿಸಿ ಒಪ್ಪಿದರು. ಸೋಮವಾರ ಬೆಳಗಿನ ಜಾವದ ಸಭೆಯಲ್ಲಿ ಅದನ್ನೇ ಖಚಿತಪಡಿಸಿದರು. ಅವರು ಆಡಿದ ಶಬ್ದಗಳು ಯಾವುವೆಂಬುದರಲ್ಲಿ ಅಲ್ಲಿದ್ದವರ ನೆನಪುಗಳು ಒಂದಕ್ಕೊಂದು ಹೊಂದುವುದಿಲ್ಲ. ಅರ್ಥ ಮಾತ್ರ ಒಂದೇ: ಹೊರಡೋಣ.

ಆಕಾಶ ತಿಳಿಯಾಗಿದ್ದಾಗ ಬೇಡವೆಂದರು. ಮಳೆ ಸುರಿಯುತ್ತಿದ್ದಾಗ ಹೂಂ ಎಂದರು. ಕಣ್ಣೆದುರಿನ ಕಿಟಕಿಯನ್ನು ನೋಡದೆ, ನೂರಾರು ಮೈಲಿ ದೂರದಿಂದ ಬಂದ ಅಂಕಿಗಳನ್ನು ನಂಬಿದರು. ಅದಕ್ಕೆ ಕಾರಣವೂ ಇತ್ತು. ಐಸೆನ್‌ಹೋವರ್ ಹಿಂದಿನ ಕೆಲವು ವಾರಗಳಿಂದಲೇ ಸ್ಟ್ಯಾಗ್ ಅವರಿಂದ ಅಭ್ಯಾಸಕ್ಕೆಂದು ಮುನ್ಸೂಚನೆ ಹೇಳಿಸಿ, ನಡೆದದ್ದರೊಡನೆ ಅದನ್ನು ತಾಳೆ ನೋಡುತ್ತಿದ್ದರು. ಪರೀಕ್ಷೆಗೆ ಮೊದಲು ಕಿರುಪರೀಕ್ಷೆಗಳನ್ನು ನಡೆಸಿದ್ದರೆನ್ನಬಹುದು.

ಜರ್ಮನರೂ ಅದೇ ಮಳೆಯನ್ನು ನೋಡುತ್ತಿದ್ದರು. ಆದರೆ ಅಟ್ಲಾಂಟಿಕ್‌ನಲ್ಲಿ ಅವರಿಗೆ ಹವೆಯ ಠಾಣೆಗಳು ಹೆಚ್ಚಾಗಿ ಉಳಿದಿರಲಿಲ್ಲ. ಕೆಲವು ಜಲಾಂತರ್ಗಾಮಿಗಳ ವರದಿಗಳಷ್ಟೇ ದಿಕ್ಕು. ಇಂಥ ಹವೆಯಲ್ಲಿ ಯಾರೂ ಬರಲಾರರೆಂದು ಅವರು ಭಾವಿಸಿದರು. ಕಾಲುವೆಯ ಕಾವಲು ದೋಣಿಗಳು ಬಂದರಿನಲ್ಲಿಯೇ ಉಳಿದವು. ತೀರದ ರಕ್ಷಣೆಯ ಹೊಣೆ ಹೊತ್ತಿದ್ದ ರೊಮೆಲ್, ಆರನೆಯ ತಾರೀಖಿನ ಪತ್ನಿಯ ಹುಟ್ಟುಹಬ್ಬಕ್ಕೆಂದು ನಾಲ್ಕರಂದೇ ಜರ್ಮನಿಯ ತಮ್ಮ ಮನೆಗೆ ಹೊರಟುಹೋದರು. ಹಲವು ಸೇನಾನಿಗಳು ಯುದ್ಧಾಭ್ಯಾಸದ ಸಭೆಗಾಗಿ ರೆನ್ ನಗರದ ದಾರಿ ಹಿಡಿದಿದ್ದರು. ಎರಡೂ ಪಕ್ಷಗಳ ಮೇಲೆ ಸುರಿದದ್ದು ಒಂದೇ ಮಳೆ. ಪಶ್ಚಿಮದ ಅಳತೆಗಳು ಇದ್ದವರಿಗೆ ಅದರ ನಡುವಿನ ಬಿಡುವು ಕಂಡಿತು, ಇಲ್ಲದವರಿಗೆ ಮಳೆಯಷ್ಟೇ ಕಂಡಿತು.

ಹಾಗೆಂದು ಜೂನ್ 6 ಶುಭದಿನವಾಗಿತ್ತೆಂದು ತಿಳಿಯಬಾರದು. ಗಾಳಿ ಎಣಿಸಿದಷ್ಟು ತಗ್ಗಿರಲಿಲ್ಲ. ಅಲೆಗಳು ದೊಡ್ಡವಾಗಿಯೇ ಇದ್ದವು. ಮೋಡದಲ್ಲಿ ದಾರಿ ತಪ್ಪಿದ ವಿಮಾನಗಳಿಂದ ಪ್ಯಾರಾಚೂಟ್ ಸೈನಿಕರು ಎಲ್ಲೆಲ್ಲಿಯೋ ಚದುರಿ ಬಿದ್ದರು. ಒಮಾಹಾ ಎಂದು ಹೆಸರಿಟ್ಟಿದ್ದ ತೀರದಲ್ಲಿ, ಮೋಡದ ಮೇಲಿಂದ ಹಾಕಿದ ಬಾಂಬುಗಳು ತಮ್ಮವರ ಮೇಲೆ ಬೀಳದಿರಲೆಂದು ತಡಮಾಡಿದ್ದರಿಂದ, ಅವು ಜರ್ಮನರ ಕೋಟೆಗಳನ್ನು ದಾಟಿ ಹೊಲಗಳಲ್ಲಿ ಸಿಡಿದವು. ಅದೇ ತೀರದಲ್ಲಿ ಒಂದು ದಳವು ನೀರಿಗಿಳಿಸಿದ 29 ತೇಲುವ ಟ್ಯಾಂಕುಗಳಲ್ಲಿ 27 ಅಲೆಗಳಿಗೆ ಸಿಕ್ಕಿ ಮುಳುಗಿದವು. ಮಿತ್ರಪಕ್ಷದ 4,400ಕ್ಕೂ ಹೆಚ್ಚು ಜನ ಆ ಒಂದೇ ದಿನ ಪ್ರಾಣ ಕಳೆದುಕೊಂಡರು. ನಾನು ಒಂದು ವಾಕ್ಯದಲ್ಲಿ ಬರೆಸಿ ಗೆರೆ ಎಳೆಸುತ್ತಿದ್ದ ದಿನ ಅದು.

ತಿಂಗಳು ಅಲ್ಲಿಗೇ ಮುಗಿಯಲಿಲ್ಲ, ಹವೆಯೂ ಸುಧಾರಿಸಲಿಲ್ಲ. ಜೂನ್ 13ರಂದು ಜರ್ಮನರ ಚಾಲಕರಹಿತ ಹಾರುವ ಬಾಂಬುಗಳು ಇಂಗ್ಲೆಂಡಿನ ಮೇಲೆ ಬೀಳತೊಡಗಿದವು. ಮೊದಲ ದಿನವೇ ಪೂರ್ವ ಲಂಡನ್ನಿನಲ್ಲಿ ಆರು ಜನ ಸತ್ತರು. ತಗ್ಗಿನ ಮೋಡಗಳ ಮರೆಯಲ್ಲಿ ಬರುವ ಈ ಯಂತ್ರಗಳನ್ನು ಹೊಡೆದುರುಳಿಸುವುದು ಕಠಿಣವಾಯಿತು.

ಜೂನ್ 19ರಂದು, ದಂಡಯಾತ್ರೆಯನ್ನು ಇನ್ನೂ ಮುಂದೂಡಿದ್ದರೆ ಹೊರಡಬೇಕಾಗಿದ್ದ ಆ ದಿನದಂದೇ, ಕಾಲುವೆಯಲ್ಲಿ ಈಶಾನ್ಯದಿಂದ ಬಿರುಗಾಳಿ ಎದ್ದಿತು. ಇಷ್ಟು ದೊಡ್ಡದೊಂದು ಬರುವುದನ್ನು ಯಾರೂ ಮುಂಚೆ ಹೇಳಿರಲಿಲ್ಲ. 22ರವರೆಗೆ ಅದು ಬಿಡಲಿಲ್ಲ. ಬ್ರಿಟನ್ನಿನಲ್ಲಿ ಕಾಂಕ್ರೀಟಿನ ಬೃಹತ್ ಪೆಟ್ಟಿಗೆಗಳನ್ನು ಕಟ್ಟಿ, ಸಮುದ್ರದ ಮೇಲೆ ಎಳೆದುತಂದು, ನಾರ್ಮಂಡಿ ತೀರದಲ್ಲಿ ಎರಡು ಕೃತಕ ಬಂದರುಗಳನ್ನು ಮಾಡಿದ್ದರು. 'ಮಲ್ಬರಿ' ಎಂಬುದು ಅವುಗಳ ಗುಪ್ತನಾಮ. ಒಮಾಹಾ ತೀರದ ಅಮೆರಿಕನ್ನರ ಬಂದರು ಪೂರ್ತಿಯಾಗಿ ನಾಶವಾಯಿತು. ಆರೊಮಾಂಶ್‌ನಲ್ಲಿದ್ದ ಬ್ರಿಟಿಷರದು ಏಟು ತಿಂದರೂ ಉಳಿಯಿತು. ಅದರ ಅವಶೇಷಗಳನ್ನು ಇಂದಿಗೂ ಅಲ್ಲಿನ ಕಡಲಲ್ಲಿ ಕಾಣಬಹುದು. ನೂರಾರು ನೌಕೆಗಳು ದಡಕ್ಕೆ ಬಡಿದು ನಿಷ್ಪ್ರಯೋಜಕವಾದವು. ಮದ್ದುಗುಂಡು, ಆಹಾರಗಳ ಪೂರೈಕೆ ಕುಂಠಿತವಾಗಿ, ಬ್ರಿಟಿಷರ ಮುಂದಿನ ಆಕ್ರಮಣವೂ ತಡವಾಯಿತು. ಐದರಂದು ಧೈರ್ಯ ಸಾಲದೆ ಎರಡು ವಾರ ಕಾಯೋಣವೆಂದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಸ್ಟ್ಯಾಗ್ ಈ ಸಂಗತಿಯನ್ನು ಬರೆದು ಕಳುಹಿಸಿದಾಗ ಐಸೆನ್‌ಹೋವರ್ ಅದರ ಮೇಲೆಯೇ ತಮ್ಮ ಕೃತಜ್ಞತೆಯನ್ನು ಬರೆದು ಹಿಂದಿರುಗಿಸಿದರು.

ಯುದ್ಧ ಮುಗಿದ ಮೇಲೆ, ಮುನ್ಸೂಚನೆಯ ಶ್ರೇಯಸ್ಸು ಯಾರದೆಂಬುದರ ಬಗೆಗೆ ಆ ತಂಡದವರಲ್ಲಿಯೇ ಬಹುಕಾಲ ವಾದ ನಡೆಯಿತು. ಸ್ಟ್ಯಾಗ್ ತಮ್ಮ ನೆನಪುಗಳನ್ನು 1971ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಇತರರೂ ತಮ್ಮ ತಮ್ಮ ಕಥೆ ಹೇಳಿದರು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಎರಡು ಕಾಗದದ ಚೂರುಗಳು.

ಒಂದು, ದಂಡು ಹೊರಟ ಮೇಲೆ ಐಸೆನ್‌ಹೋವರ್ ಏಕಾಂತದಲ್ಲಿ ಬರೆದಿಟ್ಟುಕೊಂಡ ಚೀಟಿ. ಕಾರ್ಯ ವಿಫಲವಾದರೆ ಪ್ರಕಟಿಸಲೆಂದು ಬರೆದದ್ದು. ಸೈನಿಕರು ತಮ್ಮ ಕರ್ತವ್ಯ ಮಾಡಿದ್ದಾರೆ, ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದು ಎಂಬುದು ಅದರ ಸಾರಾಂಶ. ಆ ಒತ್ತಡದಲ್ಲಿ ಜೂನ್ ಎಂಬುದರ ಬದಲು ಜುಲೈ ಎಂದು ತಾರೀಖನ್ನೇ ತಪ್ಪು ಹಾಕಿದ್ದಾರೆ. ಹವೆಯ ಮೇಲೆಯೋ ಸ್ಟ್ಯಾಗ್ ಮೇಲೆಯೋ ದೋಷ ಹೊರಿಸುವ ಒಂದು ಶಬ್ದವೂ ಅದರಲ್ಲಿಲ್ಲ.

ಇನ್ನೊಂದು, ಬ್ಲ್ಯಾಕ್‌ಸಾಡ್‌ನಲ್ಲಿ ಮೌರೀನ್ ಬರೆದ ಅಳತೆಯ ಚೀಟಿ. ತಾನು ಕಳುಹಿಸಿದ ಅಂಕಿಗಳು ಎಲ್ಲಿಗೆ ಹೋದವು, ಏನು ಮಾಡಿದವು ಎಂಬುದು ಯುದ್ಧ ಮುಗಿದು ಹಲವು ವರ್ಷಗಳವರೆಗೂ ಆಕೆಗೆ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಪ್ರತಿನಿಧಿ ಸಭೆ ಆಕೆಗೆ ಗೌರವ ಸಲ್ಲಿಸಿತು. 2023ರ ಡಿಸೆಂಬರಿನಲ್ಲಿ, ನೂರು ವರ್ಷ ತುಂಬಿದ ಮೇಲೆ, ಆಕೆ ತೀರಿಕೊಂಡರು. ಮತ್ತೆ ನೋಡಿ ಎಂದು ಕೇಳಿದಾಗ, ಒಮ್ಮೆ ನೋಡಿದ್ದೇನಲ್ಲ ಎಂದು ಆಕೆ ಹೇಳಲಿಲ್ಲ. ಎದ್ದು ಹೋಗಿ ಮತ್ತೆ ನೋಡಿದರು.

ನಾನಾದರೋ, ತರಗತಿಯಲ್ಲಿ ಒಂದು ಮಗು ಹಾಗೆ ಕೇಳಿದಾಗ ಪುಸ್ತಕದಲ್ಲಿ ಇದೆಯೆಂದು ಹೇಳಿ ಕುಳ್ಳಿರಿಸಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನಿಗೆ ಇದು ಸಣ್ಣ ಸಂಗತಿಯೇನೂ ಅಲ್ಲ. ಆ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೋ, ಯಾವ ಕೆಲಸದಲ್ಲಿದ್ದಾಳೋ ನನಗೆ ತಿಳಿಯದು. ಅವಳ ಮಕ್ಕಳೇ ಈಗ ಹತ್ತನೆಯ ತರಗತಿ ದಾಟಿರಬಹುದು. ನಿಮ್ಮಲ್ಲಿ ಯಾರಿಗಾದರೂ ಅವಳ ಪರಿಚಯವಿದ್ದರೆ ಈ ಬರಹವನ್ನು ಅವಳಿಗೆ ತಲುಪಿಸಿ. ಐದಾಗಬೇಕಾಗಿತ್ತಮ್ಮ, ಮಳೆಗಾಳಿಯಿಂದ ಆರಾಯಿತು, ನೀನು ಕೇಳಿದ್ದೇ ಸರಿ ಎಂದು ಮೇಷ್ಟ್ರು ಹೇಳಿದ್ದಾರೆಂದು ತಿಳಿಸಿ.